ನೀಲಿ ಎಂದು ಬರೆದ ಆಕಾಶ

ಬರ್ಲಿನ್ ಗೋಡೆ ಎದ್ದು ಹದಿನೈದು ವರ್ಷವಾಗಿತ್ತು. ಪೂರ್ವ ಜರ್ಮನಿಯ ಡ್ರೆಸ್ಡೆನ್ನಿನ ಸಂಗ್ರಹಾಲಯದಲ್ಲಿ, ಅದೇ ಊರಿನ ಹಳೆಯ ಪೆನ್ಸಿಲ್ ಚಿತ್ರವೊಂದರ ಮುಂದೆ ಗಂಡ ಹೆಂಡತಿ ನಿಂತಿದ್ದರು. ಕಾವಲಿನ ಹೆಲ್ಗಾರ್ಡ್ ಬಾಗಿಲ ಬಳಿ ಕುರ್ಚಿಯಲ್ಲಿ ಕಿವಿಗೊಟ್ಟು ಕುಳಿತಿದ್ದಳು.

“ಎಷ್ಟು ನೆಮ್ಮದಿಯಾಗಿದೆ ನೋಡೇ ಊರು.”

“ಬರೆದೋನು ಊರಾಚೆ ನಿಂತಿದ್ದಾನೆ. ಅವನಿಗೇನು, ನೆಮ್ಮದಿನೇ.”

“ಆಕಾಶದಲ್ಲಿ ಅದೇನೋ ಗೀಚಿದ್ದಾನಲ್ಲ?”

“‘ನೀಲಿ’ ಅಂತ. ಮನೇಗೆ ಹೋಗಿ ಬಣ್ಣ ಹಾಕೋಣ ಅಂತ ಗುರುತು ಮಾಡ್ಕೊಂಡಿದ್ದಾನೆ. ಹಾಕ್ಲೇ ಇಲ್ಲ, ನಿಮ್ಮ ಥರಾನೇ.”

“ನಾನೇನು ಮಾಡಿದೆ?”

“ಆಚೆ ಜರ್ಮನಿಗೆ, ನಮ್ಮಕ್ಕನ ಹತ್ರ ಹೋಗ್ಬಿಡೋಣ ಅಂತ ಬಡ್ಕೊಂಡೆ. ಬರೋ ವಾರ ಅಂದ್ರಿ. ಅಷ್ಟರಲ್ಲಿ ಗೋಡೆ ಎದ್ದಿತ್ತು.”

“ಮೆತ್ತಗೆ ಮಾತಾಡೇ! ಕಾವಲಿನವಳು ಕೇಳಿಸ್ಕೋತಾಳೆ.”

“ಕೇಳಿಸ್ಕೊಳ್ಲಿ ಬಿಡಿ. ಅವಳೂ ಒಳಗೇ ತಾನೆ ಇರೋದು?”

ಅವರು ಹೊರಟುಹೋದ ಮೇಲೆ ಹೆಲ್ಗಾರ್ಡ್ ಎದ್ದು, ಚಿತ್ರದ ಹತ್ತಿರ ಹೋಗಿ ಆ ‘ನೀಲಿ’ಯನ್ನು ಓದಿ ಬಂದಳು.