ಭಾವನಿಗೆ ಬಿಟ್ಟ ಜಾಗ

ಬಸ್ಸಿಗೆ ಸಾಲು ನಿಂತಿದ್ದ ಮುದಿ ಪ್ರೂಫ್ ರೀಡರನ ಕಣ್ಣು ನಿವೃತ್ತಿಯಾಗಿದ್ದರೂ ಕಿವಿ ಇನ್ನೂ ನೌಕರಿಯಲ್ಲಿತ್ತು. ಮುಂದೆ ಒಬ್ಬ ಅಕ್ಕ, ಗಿಟಾರು ಹೊತ್ತ ತಮ್ಮ.

“ಜನಪದ ಹಾಡಿನ ಈ ಆಲ್ಬಮ್ ನಮ್ಮಿಬ್ಬರದೇ, ಬ್ಯಾಂಡಿನವರು ಯಾರೂ ಬೇಡ ಅಂದಿದ್ದು ನೀನೇ ಅಕ್ಕಾ. ಈಗ ನೋಡಿದ್ರೆ ಜೋಗುಳದ ಮಧ್ಯೆ ಭಾವನ ಡ್ರಮ್ಮಿಗೆ ಜಾಗ ಬಿಟ್ಟಿದ್ದೀಯ.”

“ಬೇಕೂಂತ ಬಿಡ್ಲಿಲ್ಲ ಕಣೋ. ಅಷ್ಟು ವರ್ಷ ಅಲ್ಲಿ ಅವರು ಬಾರಿಸ್ತಿದ್ರು, ನಾನು ಉಸಿರು ತಗೊಳ್ತಿದ್ದೆ.”

“ಕೇಳಿದವರು ಕರೆಂಟ್ ಹೋಯ್ತು ಅಂದ್ಕೋತಾರೆ.”

“ಅಂದ್ಕೊಳ್ಳಲಿ.”

“ಗಿಟಾರಲ್ಲಿ ತುಂಬಿಸ್ಲಾ?”

“ಕೈ ಮುರೀತೀನಿ.”

“ಹಾಗಾದ್ರೆ ಭಾವಂಗೆ ಫೋನ್ ಮಾಡಿ, ಮನೆಗೆ ಬನ್ನಿ ಅನ್ನು.”

“ಜಗಳ ಆಡಿ ಹೋದವರು ಅವರು, ನಾನ್ಯಾಕೆ ಕರೀಲಿ? ಹಾಡು ಕಳಿಸ್ತೀನಿ. ಆ ಜಾಗ ಬಂದಾಗ ಅವರ ಕೈ ಸುಮ್ನಿರಲ್ಲ.”

“ಸುಮ್ನಿದ್ರೆ?”

ಅಷ್ಟರಲ್ಲಿ ಅವರ ಬಸ್ಸು ಬಂತು. ಅಕ್ಕ ಹತ್ತಿ ಕಿಟಕಿಯ ಪಕ್ಕ ಕೂತಳು. ಜೋಗುಳ ಗುನುಗುತ್ತಿದ್ದ ಅವಳ ತುಟಿ ಒಂದೆಡೆ ಬಂದು ನಿಂತಿತು. ಪಕ್ಕದಲ್ಲಿದ್ದ ತಮ್ಮ ಮುಂದಿನ ಸೀಟಿನ ಕಂಬಿಯ ಮೇಲೆ ಬಾರಿಸಲು ಬೆರಳೆತ್ತಿದವನು, ಅಕ್ಕನ ಮುಖ ನೋಡಿ ಮೆಲ್ಲನೆ ಮಡಚಿಕೊಂಡ. ಬಸ್ಸು ಹೊರಟಿತು.