ಸಮುದ್ರದ ದಂಡಿಯ ಅಗಸಿ ಚಟ್ನಿ

ಅಪ್ಪ ಶ್ರೀಶೈಲದಾಗ ಅದಾರ ಅಂತ ಹೈದರಾಬಾದಿನ ಇಡೀ ಮಿಯಾಪುರಕ್ಕ ಗೊತ್ತೈತಿ. ಮತ್ತ ನನಗ್ಯಾಕ ಹೇಳಾಕತ್ತಿ, ಅವ್ವಾ? ಅಂಬಣ್ಣ ಕಾಕಾ ತಾವ ಅಪ್ಪನ್ನ ಬಸ್ಸಿಗೆ ಹತ್ತಿಸಿ ಬಂದಾರ, ಅಪ್ಪ ಕಾವಿ ಶಲ್ಯ ಹೊದ್ದಿದ್ರು, ಉಳಿದ ಆಯುಷ್ಯ ಮಲ್ಲಯ್ಯಗ ಅಂದ್ರು... ಕೇಳೇನಿ. ಕೆಳಗಿನ ವಾಚ್‌ಮನ್ ಸುದ್ದಾ ಕೇಳ್ಯಾನ. ಮೊನ್ನೆ ಲಿಫ್ಟಿನ್ಯಾಗ ಶ್ರೀಲಕ್ಷ್ಮಿ ಆಂಟಿ ನಿನ್ನ ಕಾಲಿಗೆ ಬಿದ್ರಲ್ಲ! ಸಂಘದವರು ಶಾಲು ಹೊಚ್ಚಿದ್ರು, ಅಮೃತಪ್ಪ ಶರಣರ ಧರ್ಮಪತ್ನಿ ಅಂತ. ಬ್ಯಾಂಕಿನ ಕ್ಲರ್ಕ್ ರಿಟೈರ್ ಆಗಿ ಮನಿ ಬಿಟ್ಟರ ಶರಣ!

ಯಾಕ ನಗಾಕತ್ತಿ? ನಾ ಚ್ಯಾಷ್ಟಿ ಮಾಡಾಕತ್ತಿಲ್ಲ.

ಆ ಚೀಲ ಕೆಳಗಿಡು. ಶ್ರೀಶೈಲದ ಬಸ್ಸಿರೋದು ನಾಳೆ ಮುಂಜಾನೆ. ಈಗಿಂದ್ಯಾಕ ಮಡಚೋದು? ಕೇಳಿಲ್ಲಿ... ಯುಗಾದಿ ಮುಂದ ಅಲ್ಲಿ ಕಾಲಿಡಾಕ ಜಾಗ ಇರೂದಿಲ್ಲ. ನಮ್ಮ ಕಡೆ ಮಂದಿ ಎಲ್ಲಾ ನಡಕೋತ ಬಂದಿರ್ತಾರ. ಅಷ್ಟು ಕಾವಿಯೊಳಗ ಅಪ್ಪನ ಕಾವಿ ಹ್ಯಾಂಗ ಹುಡುಕ್ತಿ? ಛತ್ರ ಛತ್ರ ತಿರುಗಿ ಫೋಟೋ ತೋರಿಸ್ತಿ? ನಿನ್ನ ಮೊಣಕಾಲು ಏನಂತಾವು?... ಹೂಂ ಅಂತಾಳ ನೋಡು! ಕರಕೊಂಡ ಬರ್ತಾಳಂತ.

ಇಲ್ಲ, ಕುಂಡ್ರೂದಿಲ್ಲ ನಾ. ನಿಂತ ಮಾತಾಡ್ತೀನಿ.

ನನ್ನ ಟ್ರಿಪ್ ಹ್ಯಾಂಗಾತು ಅಂತರ ಕೇಳಿದ್ಯೇನು? ಬಂದಾಗಿಂದ ನಿಂದ ನಡಸೀದಿ. ಕೇಳು. ಲಿಂಗಂಪಲ್ಲ್ಯಾಗ ರೈಲು ಹತ್ತೂ ಮುಂದ ನಮ್ಮ ಆಫೀಸಿನ ಶಾಂತಕುಮಾರ ಸರ್ ಅಂದ್ರು, ಶಾಂತ ಊರು ಮೇಡಂ, ಮೀನುಗಾರರ ಊರು, ಇನ್ನೂ ಯಾರೂ ಕಂಡಿಲ್ಲ. ಹೋಗಿ ನೋಡಿದರ ಹೈದರಾಬಾದೇ ಅಲ್ಲಿ ಇಳಿದೈತಿ! ಎಲ್ಲಿ ನೋಡಿದರ ಇಲ್ಲಿಯ ನಂಬರಿನ ಕಾರು. ದೋಣಿಗೆ ಬಣ್ಣ ಬಳದು ಉಸುಕಿನ್ಯಾಗ ನಿಲ್ಲಿಸ್ಯಾರ. ನೀರಿಗೆ ಇಳ್ಯೂದಿಲ್ಲ ಅವು. ಮಂದಿ ಹತ್ತಿ ಫೋಟೋ ತಗೋತಾರ. ಮೀನು ಹಿಡಿಯೋ ಬಲಿ ಹೋಟೆಲಿನ ಗ್ವಾಡಿ ಮ್ಯಾಲ. ಮೀನು ಎಲ್ಲಿಂದ ಬರ್ತಾವಪಾ ಅಂತ ಕೇಳಿದೆ... ಲಾರಿ ಮ್ಯಾಲ ಬರ್ತಾವಂತ! ಐಸಿನ್ಯಾಗ! ಮೀನುಗಾರರ ಊರಿಗೆ! ಹಿಡಿಯೋ ಮಂದಿ ಎಲ್ಲಾ ಈಗ ಕಾಟೇಜಿನ ಚಾದರ ಬದಲಿಸ್ತಾರ.

ಸಮುದ್ರನಾ? ಇತ್ತು. ನೀರು ಉಪ್ಪಿದ್ದವು. ಅದೊಂದ ಅಸಲಿ.

ಏನು ತಿಂದೆ ಅಂತಿಯೇನು? ಮೀನು ಮುಟ್ಟಿಲ್ಲ, ಗಾಬರಿ ಆಗಬ್ಯಾಡ. ಹಸದು ಹಸದು ದಂಡಿಗುಂಟ ಅತ್ಲಾಗ ಇತ್ಲಾಗ ತಿರುಗಿದೆ. ಎಲ್ಲಾ ಕಡೆ ಅದ ವಾಸನಿ. ತುದಿಗೆ ಒಂದು ಗುಡಸಲ, ಹಲಗಿ ಮ್ಯಾಲ ತೆಲುಗಿನ್ಯಾಗ ಬರದಿತ್ತು, ಜೊನ್ನ ರೊಟ್ಟೆ. ಜೋಳದ ರೊಟ್ಟಿ! ಸಮುದ್ರದ ದಂಡಿ ಮ್ಯಾಲ! ಯಾರೋ ಮುದುಕ. ಲುಂಗಿ, ತಲಿಗೆ ಟವೆಲು. ಒಂದು ಒಲಿ ಮ್ಯಾಲ ಮೀನು ಹುರಿಯಾಕತ್ತಿದ್ದ, ಇನ್ನೊಂದರ ಮ್ಯಾಲ ರೊಟ್ಟಿ ಬೇಸಾಕತ್ತಿದ್ದ. ಕೊಟ್ಟ, ತಿಂದೆ. ರೊಟ್ಟಿ ಅಷ್ಟಕ್ಕಷ್ಟ. ಆದರ ಅಗಸಿ ಚಟ್ನಿ... ಭಾಳ ಚಲೋ ಇತ್ತವ್ವಾ. ಅಂಥಾದ್ದು ತಿಂದು ಎಷ್ಟು ದಿವಸಾಗಿತ್ತು! ಹುಣಸಿ ಚಿಗುರು ಒಣಗಿಸಿ, ಅಗಸಿ ಜೋಡಿ ಕೂಡಿಸಿ ಕುಟ್ಟಿದ್ದು...

ಯಾಕ? ಕೈ ಯಾಕ ನಿಂತವು?

ಹಾಕ್ತಾರವ್ವಾ. ಯಾರರ ಹಾಕ್ತಾರ. ನಮ್ಮ ಕಲಬುರ್ಗಿ ಕಡೆ ಹಾಕೂದಿಲ್ಲ, ಗೊತ್ತು. ಇಲ್ಲಿಯವರು ಚಿಗುರು ಬ್ಯಾಳ್ಯಾಗ ಹಾಕ್ತಾರ, ಅಗಸ್ಯಾಗ ಅಲ್ಲ, ಅದೂ ಗೊತ್ತು. ಎರಡೂ ಕೂಡಿಸಿ ಕುಟ್ಟಾವ್ರು ಅಪ್ಪ ಒಬ್ಬರ, ನಿನಗ ಸುದ್ದಾ ಒಳ್ಳು ಮುಟ್ಟಗೊಡತಿರಲಿಲ್ಲ, ಎಲ್ಲಾ ಗೊತ್ತು ನನಗ! ದೇಶ ಏನು ಸಣ್ಣದೈತಿ? ಇನ್ನೊಬ್ಬಾಂವಗ ಹೊಳೀಬಾರದೇನು?... ಹೊಳೀತಾವ. ಇಂಥಾವು ಹೊಳೀತಾವ.

ಏನರ ಅನ್ನವ್ವಾ.

ಬೈ ಬೇಕಾದರ.  

ಅದ್ಯಾಕ ತಗದಿ ಚೀಲದಿಂದ? ಹೊಸಾ ಕಾವಿ ಧೋತರ, ಅಪ್ಪಗಂತ ತಂದಿದ್ಯಲ್ಲ... ಇಡು. ಒಳಗ ಇಡು. ನೀ ಹೋಗೂದಿತ್ತಲ್ಲ? ಹೋಗು ಬೇಕಾದರ, ನಾ ಅಡ್ಡ ಬರೂದಿಲ್ಲ. ಮಲ್ಲಯ್ಯನ ದರ್ಶನರ ಆಗ್ತೈತಿ.

ಹಾಂಗ ನೋಡಬ್ಯಾಡ.

ನಗಾಕತ್ತಿದ್ರವ್ವಾ. ಗಿರಾಕಿ ಜೋಡಿ ತೆಲುಗಿನ್ಯಾಗ ಏನೇನೋ ಮಾತಾಡಿ, ಹೊಟ್ಟಿ ಹಿಡಕೊಂಡು. ಈ ಮನ್ಯಾಗ ಅವರು ಹಾಂಗ ನಕ್ಕಿದ್ದು ನಾ ನೋಡಿಲ್ಲ. ನೀ ನೋಡೀದಿ?... ನನ್ನ ಕಂಡ ಕೂಡಲೇ ನಿಂತಿತು ನಗು. ಎದ್ದು ಬರೂ ಮುಂದ ಅಂದ್ರು, "ರಶ್ಮಿ, ನಿಮ್ಮವ್ವಗ ಹೇಳಬ್ಯಾಡ." ಹೂಂ ಅಂದು ಬಂದೆ ನಾನು.

ನಾಳೆ ಬಸ್ಸು ಹತ್ತಬ್ಯಾಡ, ಅವ್ವಾ. ಮೀನು ಹುರಿಯಾಕತ್ತಿದ್ದು ಅಪ್ಪ.