ಉಪ್ಪಿಲ್ಲದ ಬ್ರೆಡ್

ಬಸ್ ನಿಲ್ದಾಣದ ಬೆಂಚಿನಲ್ಲಿ ನನ್ನ ಪಕ್ಕ ಇಬ್ಬರು ಕೂತಿದ್ದರು. ಆಕೆ, ನಷ್ಟವಾಗಿ ಅಂಗಡಿ ಮುಚ್ಚಿದವರಿಗೆ ಧೈರ್ಯ ತುಂಬಿ ಮತ್ತೆ ತೆರೆಸುವ ಕೆಲಸ ಮಾಡುವವರು. ಆತ ಬೇಕರಿಯವರು, ಮುಷ್ಟಿಯಲ್ಲಿ ಹೊಸ ಮಳಿಗೆಯ ಬೀಗದ ಕೈ.

"ಬರೀ ಬಾಗಿಲು ತೆಗೆದು ನೋಡಿ ಬರೋಣ ಅಣ್ಣ."

"ಮತ್ತೆ ಮುಳುಗಿದರೆ ಮೇಡಂ?"

"ಹೋದ ಸಲ ಯಾಕೆ ಮುಳುಗಿತು ಅಂತ ಗೊತ್ತಲ್ಲ."

"ಹಿಟ್ಟು ನಾದೋದು ನಾನು, ಉಪ್ಪು ಹಾಕೋದು ಹೆಂಡತಿ. ಮದುವೆಯಾದಾಗಿನಿಂದ ಹಾಗೇ. ಅವಳು ಸತ್ತ ಮೇಲೂ ನಾನು ನಾದುತ್ತಲೇ ಇದ್ದೆ. ಉಪ್ಪಿನ ನೆನಪೇ ಬರಲಿಲ್ಲ."

"ರುಚಿ ನೋಡಲಿಲ್ವಾ?"

"ಬೇಕರಿಯವನು ತನ್ನ ಬ್ರೆಡ್ ತಿಂತಾನಾ? ವಾಸನೆಗೇ ಹೊಟ್ಟೆ ತುಂಬಿರುತ್ತೆ."

"ಗಿರಾಕಿಗಳೂ ಹೇಳಲಿಲ್ವಾ?"

"ಪಾಪ, ಹೆಂಡತಿ ಕಳಕೊಂಡವನು ಅಂತ ಸುಮ್ಮನೆ ಕೊಂಡರು. ಆಮೇಲೆ ಬರೋದು ಬಿಟ್ಟರು."

"ಈ ಸಲ ಉಪ್ಪು ನೀವೇ ಹಾಕಿ, ಅಷ್ಟೇ ತಾನೆ?"

ಆತ ತಮ್ಮ ಬೆರಳುಗಳನ್ನು ನೋಡಿಕೊಂಡರು.

"ಅವಳ ಉಪ್ಪಿನ ಡಬ್ಬಕ್ಕೆ ನಾನು ಕೈ ಹಾಕಿದರೆ, ಇನ್ನು ಅವಳು ಬರಲ್ಲ ಅನ್ನೋದು ಖಾತ್ರಿಯಾಗಿಬಿಡುತ್ತೆ ಮೇಡಂ."

ಅವರು ಕಾಯುತ್ತಿದ್ದ ಬಸ್ ಬಂತು. ಇಬ್ಬರೂ ಏಳಲಿಲ್ಲ. ಅದು ಹೋದ ಮೇಲೆ ಆತ ಬೀಗದ ಕೈಯನ್ನು ಆಕೆಯ ಚೀಲದ ಮೇಲಿಟ್ಟು ರಸ್ತೆ ದಾಟಿದರು. ಆಕೆ ಅದನ್ನೆತ್ತಿಕೊಂಡು, ಕೂಗದೆ, ಹಿಂದೆಯೇ ನಡೆದರು.